ಲಂಗರು ಮಾವನ ಮರಳಿನ ಕೋಟು

ನನ್ನ ಸೋದರಮಾವ ಸುಮಾರು ಇಪ್ಪತ್ತು ವರ್ಷ ಕೂತು ಸಂಬಳ ತೆಗೆದುಕೊಂಡ ಮನುಷ್ಯ. ಅಂಥವರು ಎಲ್ಲ ಕಚೇರಿಗಳಲ್ಲೂ ಇರುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ ಎನ್ನಬೇಡಿ. ಅವರೆಲ್ಲ ಕೆಲಸ ಮಾಡುವ ಬದಲು ಕೂರುತ್ತಾರೆ. ನಮ್ಮ ಮಾವನಿಗೆ ಕೂರುವುದೇ ಕೆಲಸವಾಗಿತ್ತು. ಜೋರು ಗಾಳಿ ಎದ್ದಾಗ ಪುಟ್ಟ ವಿಮಾನ ಹಾರಿಹೋಗದ ಹಾಗೆ ಅದರೊಳಗೆ ಹೋಗಿ ಕೂರಬೇಕು, ಗಾಳಿ ತಣ್ಣಗಾದ ಮೇಲೆ ಇಳಿದು ಬರಬೇಕು. ಕಾಗದದ ಮೇಲೆ ಅವನು ಕಾವಲುಗಾರ. ಆದರೆ ಅವನು ಏನನ್ನಾದರೂ ಕಾದದ್ದನ್ನು ನಾನಂತೂ ನೋಡಿಲ್ಲ, ಊಟದ ಗಂಟೆಯೊಂದನ್ನು ಬಿಟ್ಟರೆ.

ಅದೊಂದು ವಿಮಾನ ಹಾರಿಸಲು ಕಲಿಸುವ ಕ್ಲಬ್ಬು. ಹಾಗೆಂದರೆ ಏನೋ ಭಾರಿ ಎಂದುಕೊಳ್ಳುತ್ತೀರಿ. ಊರಾಚೆ ಒಂದು ಬಯಲು, ಬಿರುಕಿನಲ್ಲೆಲ್ಲ ಹುಲ್ಲು ಬೆಳೆದ ಒಂದು ಡಾಂಬರು ರನ್‌ವೇ, ಗಾಳಿಯ ದಿಕ್ಕು ತೋರಿಸಲೆಂದು ಕೋಲಿನ ತುದಿಗೆ ಹರಿದು ನೇತಾಡುವ ಒಂದು ಗಾಳಿಚೀಲ, ಒಂದು ತಗಡಿನ ಶೆಡ್ಡು. ವಿಮಾನಗಳು ನಾಲ್ಕು. ಅದರಲ್ಲಿ ಎರಡು ಹಾರುತ್ತಿದ್ದವು, ಒಂದು ಹಾರುವ ಯೋಚನೆಯಲ್ಲಿತ್ತು, ಇನ್ನೊಂದು ತನ್ನ ಅಂಗಾಂಗಗಳನ್ನೆಲ್ಲ ಉಳಿದ ಮೂರಕ್ಕೆ ದಾನ ಮಾಡಿ ಮೂಲೆಯಲ್ಲಿ ಕೂತಿತ್ತು. ಶೆಡ್ಡಿನಲ್ಲಿ ಮೂರಕ್ಕೆ ಮಾತ್ರ ಜಾಗ. ಹಾಗಾಗಿ ಹಾರುವ ಎರಡರಲ್ಲಿ ಒಂದು ಯಾವಾಗಲೂ ಹೊರಗೆ ಬಯಲಲ್ಲೇ. ನಾನು ಅಲ್ಲಿಯ ಆಫೀಸಿನಲ್ಲಿ ಫೋನು ಎತ್ತುವ, ಟೈಪು ಮಾಡುವ, ಬಂದವರಿಗೆಲ್ಲ ‘ಸೆಕ್ರೆಟರಿ ಸಾಹೇಬರು ಈಗಷ್ಟೇ ಹೊರಗೆ ಹೋದರು’ ಎಂದು ಸುಳ್ಳು ಹೇಳುವ ಕೆಲಸದಲ್ಲಿದ್ದೆ. ಕೆಲಸ ಕೊಡಿಸಿದ್ದು ಮಾವನೇ, ನಾನು ಇದ್ದದ್ದೂ ಅವನ ಮನೆಯಲ್ಲೇ. ಅದನ್ನು ಅವನು ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದ.

ಈ ಪುಟ್ಟ ವಿಮಾನಗಳ ಪಾಡು ಸ್ವಲ್ಪ ಹೇಳಬೇಕು. ಆಕಾಶದಲ್ಲಿರುವಾಗ ಅವುಗಳಿಗೆ ಅಷ್ಟೇನೂ ಭಯವಿಲ್ಲ. ಭಯವೆಲ್ಲ ನೆಲಕ್ಕಿಳಿದ ಮೇಲೆ. ರೆಕ್ಕೆಗೆ ಬುದ್ಧಿ ಎಂಬುದಿಲ್ಲ. ವಿಮಾನ ಗಾಳಿಯೊಳಗೆ ಓಡುತ್ತಿದೆಯೋ, ನಿಂತ ವಿಮಾನದ ಮೇಲೆ ಗಾಳಿ ಓಡುತ್ತಿದೆಯೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಗಾಳಿ ಬಂತೋ, ಎದ್ದೇಳು. ಅಷ್ಟೇ ಅದರ ವಿದ್ಯೆ. ಒಳಗೆ ಪೈಲಟ್ ಇಲ್ಲ, ಎಂಜಿನ್ ಆರಿದೆ, ಎಲ್ಲರೂ ಟೀ ಕುಡಿಯಲು ಹೋಗಿದ್ದಾರೆ ಎಂದರೂ ಕೇಳುವುದಿಲ್ಲ. ತಂತಿಯ ಮೇಲೆ ಒಣಹಾಕಿದ ಸೀರೆಗಿಂತ ಸ್ವಲ್ಪ ಹೆಚ್ಚು ಗಾಂಭೀರ್ಯ, ಅಷ್ಟೇ. ಅದಕ್ಕೇ ಮೂಗನ್ನು ಗಾಳಿಯ ಕಡೆ ತಿರುಗಿಸಿ ನಿಲ್ಲಿಸಬೇಕು, ಚಕ್ರಕ್ಕೆ ಅಡ್ಡ ದಿಮ್ಮಿ ಕೊಡಬೇಕು, ವಿಮಾನ ಏರಿಸಿ ಇಳಿಸುವ ಒಳಗಿನ ಹಿಡಿಕೆ ಅಲ್ಲಾಡದಂತೆ ಒಂದು ಕೀಲು ಹಾಕಬೇಕು, ಎರಡು ರೆಕ್ಕೆಗೂ ಬಾಲಕ್ಕೂ ಗಟ್ಟಿ ಹಗ್ಗ ಬಿಗಿದು ನೆಲದಲ್ಲಿ ಹೂತ ಕಬ್ಬಿಣದ ಬಳೆಗೆ ಕಟ್ಟಬೇಕು. ಇದೆಲ್ಲ ಕ್ಲಬ್ಬಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಅದರ ಮುಂದೆ ಒಂದು ಬೀರು ಇಟ್ಟಿದ್ದರು.

ಮಾವ ಅಲ್ಲಿಗೆ ಸೇರಿದ್ದು ನೀರು ಕೊಡಲು ಹೋಗಿ. ಆಗ ಅವನು ಕುಡಿಯುವ ನೀರಿನ ಕ್ಯಾನುಗಳ ವ್ಯಾನು ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಹೆಗಲ ಮೇಲೆ ಕ್ಯಾನು ಹೊತ್ತು ಶೆಡ್ಡಿನ ಕಡೆ ನಡೆಯುತ್ತಿದ್ದಾಗ ಸುಂಟರಗಾಳಿಯಂಥದ್ದೊಂದು ಎದ್ದಿತು. ಹೊರಗಿದ್ದ ವಿಮಾನ ಕಟ್ಟಿಹಾಕಿದ ಕರುವಿನ ಹಾಗೆ ಜಗ್ಗಾಡತೊಡಗಿತು. ಮೆಕ್ಯಾನಿಕ್ ಒಂದು ರೆಕ್ಕೆಗೆ ಜೋತುಬಿದ್ದು, ಸಾಲದೆ, ಕಣ್ಣಿಗೆ ಬಿದ್ದ ಅತಿ ದೊಡ್ಡ ವಸ್ತುವನ್ನು ಕೂಗಿ ಕರೆದ.

“ಏ ದಪ್ಪಣ್ಣ! ಒಳಗೆ ಹತ್ತಿ ಕೂತ್ಕೊಳ್ಳಯ್ಯಾ, ಬೇಗ!”

ಮಾವ ಕ್ಯಾನಿನ ಸಮೇತ ಹತ್ತಿ ಕೂತ. ಸ್ವಲ್ಪ ಹೊತ್ತಿಗೆ ವಿಮಾನ ಸುಮ್ಮನಾಯಿತು. ಗಾಳಿ ತಾನಾಗಿಯೇ ನಿಂತದ್ದರಿಂದ ಸುಮ್ಮನಾಯಿತೋ, ಮಾವ ಕೂತದ್ದರಿಂದ ಸುಮ್ಮನಾಯಿತೋ ಎಂದು ಯಾರೂ ಕೇಳಲಿಲ್ಲ. ಕಿಟಕಿಯಿಂದ ನೋಡುತ್ತಿದ್ದ ಸೆಕ್ರೆಟರಿ ಸಾಹೇಬರು ಹೊರಗೆ ಓಡಿಬಂದು, “ಇವನನ್ನ ಬಿಡಬೇಡಿ” ಎಂದರು. ಬಿಡಲಿಲ್ಲ. ಆ ವಾರವೇ ಮಾವನಿಗೆ ಖಾಕಿ ಅಂಗಿ ಹೊಲಿಸಿದರು; ದರ್ಜಿ ಎರಡು ಅಂಗಿಗಾಗುವ ಬಟ್ಟೆ ಕೇಳಿದ. ಲಂಗರು ಎಂಬ ಹೆಸರು ಮೆಕ್ಯಾನಿಕ್ ಇಟ್ಟದ್ದು. ಕೊನೆಗೆ ಅತ್ತೆಯ ತವರಿನವರೂ ಅವನನ್ನು ಹಾಗೇ ಕರೆಯುವಂತಾಯಿತು.

ಮಾವನಿಗೆ ಅದರಿಂದ ಬಂದ ಹೆಮ್ಮೆ ಇದೆಯಲ್ಲ, ಅದನ್ನು ಹೊರಲು ಇನ್ನೊಂದು ವಿಮಾನವೇ ಬೇಕಿತ್ತು. ನೆಂಟರ ಮನೆಗೆ ಹೋದರೂ ಅದೇ ಮಾತು. “ಹಾರಿಸೋದು ಯಾರು ಬೇಕಾದ್ರೂ ಹಾರಿಸ್ತಾರೆ. ಹಾರದ ಹಾಗೆ ಹಿಡಿಯೋದಿದೆಯಲ್ಲ, ಅದು ಎಲ್ಲರ ಕೈಲೂ ಆಗೋದಲ್ಲ” ಎನ್ನುತ್ತಿದ್ದ. ಬಡಿಸುವವರು ಸಾಕೇ ಎಂದರೆ, “ಹಾಕಿ ಹಾಕಿ, ನಾನು ಊಟ ಮಾಡ್ತಿಲ್ಲ, ಡ್ಯೂಟಿ ಮಾಡ್ತಿದ್ದೀನಿ” ಎನ್ನುತ್ತಿದ್ದ. ಆಕಾಶದಲ್ಲಿ ಮೋಡ ಕಂಡರೆ ಸಾಕು, ಒಂದು ತಟ್ಟೆ ಹೆಚ್ಚಿಗೆ. ಅವನ ಕೂರುವಿಕೆಗೆ ಒಂದು ಶಿಸ್ತೂ ಇತ್ತು. ಮೊದಲು ಚಪ್ಪಲಿ ಕೆಳಗೆ ಬಿಡುತ್ತಿದ್ದ. ಆಮೇಲೆ ಸೀಟಿನ ಎರಡೂ ಕಡೆ ಸಮವಾಗಿ ಹರಡಿಕೊಂಡು, ಹಿಡಿಕೆಯನ್ನು ಹೊಟ್ಟೆಗೆ ಅವುಚಿಕೊಂಡು, ಕಣ್ಣು ಮುಚ್ಚುತ್ತಿದ್ದ. ಧ್ಯಾನ ಎಂದು ಅವನು ಹೇಳುತ್ತಿದ್ದ. ಗೊರಕೆ ಆಫೀಸಿಗೆ ಕೇಳಿಸುತ್ತಿತ್ತು.

ಇದರಿಂದ ಆದ ಅನಾಹುತ ಹಗ್ಗಗಳದು. ಲಂಗರು ಇದ್ದಾನೆಂಬ ಧೈರ್ಯದಲ್ಲಿ ಹಗ್ಗದ ಕಡೆ ಯಾರೂ ತಿರುಗಿ ನೋಡಲಿಲ್ಲ. ಬಿಸಿಲಿಗೂ ಮಳೆಗೂ ಒಡ್ಡಿಕೊಂಡ ಹಗ್ಗ ಸಾಯುತ್ತದೆ. ಮೇಲೆ ನೋಡಲು ಹಗ್ಗವೇ, ಒಳಗೆ ಹೊಟ್ಟು. ಮೆಕ್ಯಾನಿಕ್‌ಗೆ ಅದು ಗೊತ್ತಿತ್ತು. ಗೊತ್ತಿದ್ದದ್ದನ್ನು ಅವನು ವರ್ಷಕ್ಕೊಂದು ಸಲ ಸೆಕ್ರೆಟರಿಗೆ ಹೇಳುತ್ತಿದ್ದ, ಅದೂ ಟೀ ಕುಡಿಯುತ್ತಾ.

“ಹೊಸ ಹಗ್ಗ ತರಿಸ್ಬೇಕು ಸಾರ್.”

“ಲಂಗರು ಇದಾನಲ್ಲಯ್ಯಾ!”

“ಅದೂ ಸರೀನೇ.”

ಒಂದು ಸಲ ಯಾರ ಪುಣ್ಯವೋ, ಹೊಸ ಹಗ್ಗ ಬಂತು. ಅದನ್ನು ಶೆಡ್ಡಿನ ಎರಡು ಕಂಬಗಳಿಗೆ ಕಟ್ಟಿ ವಿಮಾನದ ಹೊದಿಕೆ, ಮೆಕ್ಯಾನಿಕ್‌ನ ಬನಿಯನ್ನು, ಸೆಕ್ರೆಟರಿ ಸಾಹೇಬರ ಟವೆಲು ಒಣಹಾಕಲು ಬಳಸಿದರು. ಒಳ್ಳೆಯ ಹಗ್ಗ. ಎಂಥ ಗಾಳಿಗೂ ಆ ಟವೆಲು ಹಾರಲಿಲ್ಲ.

ಹೀಗೆ ಎಲ್ಲರೂ ಸುಖವಾಗಿದ್ದಾಗ ಮಾವನಿಗೆ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡಿತು. ಡಾಕ್ಟರು ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, “ಇದು ಇಳೀಬೇಕಮ್ಮಾ. ಇಲ್ಲಾಂದ್ರೆ ಇವರು ಉಳಿಯೋದಿಲ್ಲ” ಎಂದರು. ಮಾವನ ಕಡೆ ತಿರುಗಿ ಹೇಳಿ ಪ್ರಯೋಜನವಿಲ್ಲವೆಂದು ಅವರಿಗೆ ಮುಖ ನೋಡಿಯೇ ತಿಳಿದಿರಬೇಕು.

ಅತ್ತೆ ಕಡ್ಡಿಯಂಥ ಹೆಂಗಸು. ಮಾವನ ಪಕ್ಕ ನಿಂತರೆ ಬಾಗಿಲಿಗೆ ಒರಗಿಸಿಟ್ಟ ಛತ್ರಿ ಎನಿಸುತ್ತಿದ್ದಳು. ಆದರೆ ಮನೆಯಲ್ಲಿ ಮಾತು ಅವಳದೇ. ಮರುದಿನದಿಂದಲೇ ಅಡುಗೆಮನೆಯ ಡಬ್ಬಿಗಳಿಗೆಲ್ಲ ಬೀಗ ಬಿತ್ತು. ಬೇಯಿಸಿದ ತರಕಾರಿ, ಅಳೆದ ಅನ್ನ, ಉಪ್ಪಿಲ್ಲದ ತಿಳಿ. ಕ್ಲಬ್ಬಿನ ಕ್ಯಾಂಟೀನಿನಲ್ಲಿ ಬೋಂಡಾ ನುಂಗಿಬಿಟ್ಟಾನೆಂದು ಮಧ್ಯಾಹ್ನದ ಊಟವನ್ನೂ ತಾನೇ ಡಬ್ಬಿಯಲ್ಲಿ ತರತೊಡಗಿದಳು. ಎದುರಿಗೇ ಕೂತು ತಿನ್ನಿಸಿ, ಬಾಯಿ ಒರೆಸಿದ್ದಾನೋ ಇಲ್ಲವೋ ನೋಡಿ, ಡಬ್ಬಿ ತೊಳೆದುಕೊಂಡು ಹೋಗುವಳು.

ಮಾವ ಕರಗತೊಡಗಿದ. ಮೊದಲು ಗಲ್ಲ ಹೋಯಿತು, ಆಮೇಲೆ ಬೆಲ್ಟಿಗೆ ಹೊಸ ತೂತು ಬಂತು. ನೋಡಿದವರೆಲ್ಲ ಒಳ್ಳೆಯದಾಯಿತು ಎಂದರೆ ಅವನ ಮುಖ ಹುಳ್ಳಗಾಗುತ್ತಿತ್ತು. ಅವನ ಸಂಕಟ ಇಷ್ಟೇ: ತೂಕ ಹೋದರೆ ಲಂಗರು ಹೋಯಿತು. ಲಂಗರು ಹೋದರೆ ಉಳಿಯುವುದು ಒಬ್ಬ ವಯಸ್ಸಾದ ಕಾವಲುಗಾರ. ಅಂಥವನನ್ನು ಸೆಕ್ರೆಟರಿ ಇಟ್ಟುಕೊಳ್ಳುವುದಿಲ್ಲ ಎಂಬುದು ಒಂದು ಭಯ. ಅದಕ್ಕಿಂತ ದೊಡ್ಡದು, ತನ್ನನ್ನು ತಾನೇ ಇಟ್ಟುಕೊಳ್ಳುವುದಕ್ಕಾಗುವುದಿಲ್ಲ ಎಂಬುದು. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಹೇಗೆ ಗೊತ್ತಾಯಿತೆಂದರೆ, ಅವನು ನಡೆದರೆ ಗಲಗಲ ಸದ್ದು ಬರತೊಡಗಿತು.

ಅತ್ತೆ ಪ್ಯಾಂಟು ಒಗೆಯಲು ಹಾಕುವಾಗ ಜೇಬಿನಿಂದ ಹಳೆಯ ಸ್ಪಾರ್ಕ್ ಪ್ಲಗ್ಗು, ದಪ್ಪ ನಟ್ಟು, ಬೋಲ್ಟು, ಮುರಿದ ಬೇರಿಂಗು ಉದುರಿದವು. ನಾನು ಅಲ್ಲೇ ಇದ್ದೆ.

“ಏನ್ರೀ ಇದು, ಗುಜರಿ ಅಂಗಡಿ ಇಟ್ಟಿದ್ದೀರಾ?”

“ಡ್ಯೂಟಿಗೆ ಬೇಕು ಕಣೇ. ನೀನು ಕರಗಿಸ್ತಿದ್ದೀಯಲ್ಲ, ಅಷ್ಟನ್ನ ಎಲ್ಲಿಂದಾದ್ರೂ ತುಂಬಬೇಕಲ್ಲ.”

“ಡಾಕ್ಟರು ಹೇಳಿದ್ದು ಕಿವಿಗೆ ಬೀಳ್ಲಿಲ್ವಾ? ವಿಮಾನ ಹೋದ್ರೆ ಇನ್ನೊಂದು ಬರುತ್ತೆ. ನೀವು ಹೋದ್ರೆ?”

“ನಾನು ಕೂರ್ದೇ ಇದ್ರೆ ನಾನು ಯಾರೇ? ಹೇಳು ನೋಡೋಣ. ಯಾರು ನಾನು?”

ಅತ್ತೆ ಉದುರಿದ ನಟ್ಟು ಬೋಲ್ಟುಗಳನ್ನು ಒಂದೊಂದಾಗಿ ಆರಿಸಿ ಅವನ ಕೈಗೇ ಕೊಟ್ಟಳು. ಅವಳನ್ನು ಹಾಗೆ ನೋಡಿದ್ದು ನಾನು ಅದೇ ಮೊದಲು. ಆಮೇಲೆ ಎರಡು ದಿನ ಹೊಲಿಗೆ ಯಂತ್ರದ ಮುಂದೆ ಕೂತಳು. ವಿಮಾನಕ್ಕೆ ಹೊದಿಸುವ ಹಳೆಯ ದಪ್ಪ ಬಟ್ಟೆ ತರಿಸಿ ಒಂದು ತೋಳಿಲ್ಲದ ಕೋಟು ಹೊಲಿದಳು. ಒಳಗೆಲ್ಲ ಉದ್ದುದ್ದ ಜೇಬು, ಜೇಬಿನ ತುಂಬ ಜರಡಿ ಹಿಡಿದ ಮರಳು, ಮುಂದೆ ನಾಲ್ಕು ಬಕಲು. ಗಾಳಿ ಬಂದಾಗ ಮಾತ್ರ ತೊಡಬೇಕು, ತೊಟ್ಟು ಓಡಬಾರದು, ಮೆಟ್ಟಿಲು ಹತ್ತಬಾರದು ಎಂದು ಕಟ್ಟಪ್ಪಣೆ. ಮೈಯೂ ಇಳಿಯಲಿ, ಮಾನವೂ ಉಳಿಯಲಿ ಎಂಬುದು ಅವಳ ಲೆಕ್ಕಾಚಾರ. ಮಾವ ತೊಟ್ಟು ಕನ್ನಡಿಯ ಮುಂದೆ ನಿಂತ. ಕಣ್ಣಲ್ಲಿ ನೀರು ತುಂಬಿಕೊಂಡಿತು. “ನಿಮ್ಮತ್ತೆ ಅಂಗೈ ಅಗಲದಷ್ಟೂ ಜಾಗ ಖಾಲಿ ಬಿಟ್ಟಿಲ್ಲ ನೋಡೇ” ಎಂದು ನನಗೆ ತೋರಿಸಿದ. ನನಗೆ ಎಲ್ಲಿಂದಲೋ ತಪ್ಪಿಸಿಕೊಂಡು ಬಂದ ಹಾಸಿಗೆಯ ಹಾಗೆ ಕಂಡ. ಹೇಳಲಿಲ್ಲ.

ಕ್ಲಬ್ಬಿನಲ್ಲಿ ಯಾರಿಗೂ ಗುಮಾನಿ ಬರಲಿಲ್ಲ. ಗಾಳಿ ಬಂದಾಗ ಮಾವ ಶೆಡ್ಡಿನ ಹಿಂದೆ ಹೋಗಿ ಕೋಟು ತೊಟ್ಟು, ಮೇಲೆ ಖಾಕಿ ಎಳೆದುಕೊಂಡು, ಹಿಂದಿನ ಗಾತ್ರದಲ್ಲೇ ಹೊರಬರುತ್ತಿದ್ದ. ಒಂದೆರಡು ಸಾಧಾರಣ ಗಾಳಿಗಳು ಹಾಗೇ ಕಳೆದವು.

ಆಮೇಲೆ ನಿಜವಾದ ಗಾಳಿ ಬಂತು.

ಮಧ್ಯಾಹ್ನದ ಊಟದ ಹೊತ್ತು. ಅತ್ತೆ ಡಬ್ಬಿ ಹಿಡಿದು ಗೇಟಿನೊಳಗೆ ಬಂದಿದ್ದಳಷ್ಟೇ. ಬಯಲಿನ ಆ ತುದಿಯಲ್ಲಿ ಕಂದು ಬಣ್ಣದ ಧೂಳಿನ ಗೋಡೆ ಎದ್ದದ್ದು ಆಫೀಸಿನ ಕಿಟಕಿಯಿಂದ ಕಂಡಿತು. ಗಾಳಿಚೀಲ ಒಂದು ಸಲ ನೆಟ್ಟಗಾಯಿತು, ಮರುಕ್ಷಣ ಕೋಲೊಂದೇ ಉಳಿಯಿತು. ಶೆಡ್ಡಿನ ದೊಡ್ಡ ಬಾಗಿಲು ಹಳಿ ತಪ್ಪಿ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಗಾಳಿ ಒಳಗೆ ನುಗ್ಗಿದರೆ ಛಾವಣಿಯನ್ನೇ ಎತ್ತಿಬಿಡುತ್ತದೆಂದು ಮೆಕ್ಯಾನಿಕ್, ಕಲಿಸುವವರು, ಕಲಿಯುವವರು ಎಲ್ಲರೂ ಅದಕ್ಕೆ ಹೆಗಲು ಕೊಟ್ಟು ತಳ್ಳುತ್ತಿದ್ದರು. ಸೆಕ್ರೆಟರಿ ಸಾಹೇಬರು ಆಫೀಸಿನ ಮೇಜಿನ ಕೆಳಗಿಂದ ಕೂಗಿದರು: “ಲಂಗರು ಎಲ್ಲಿ? ಲಂಗರು!”

ಲಂಗರು ಆಗಲೇ ವಿಮಾನದೊಳಗಿದ್ದ. ಕೋಟು, ಬಕಲು, ಖಾಕಿ, ಎಲ್ಲವೂ ಸರಿಯಾಗಿತ್ತು. ಚಪ್ಪಲಿ ಕೂಡ ಕೆಳಗೆ ಬಿಟ್ಟಿದ್ದ. ಆ ಚಪ್ಪಲಿ ಗಾಳಿಗೆ ಸಿಕ್ಕಿ ಆಗಲೇ ರನ್‌ವೇ ದಾಟಿ ಹೋಗುತ್ತಿತ್ತು.

ವಿಮಾನದ ಮೂಗು ಒಂದು ಕಡೆಗಿತ್ತು, ಗಾಳಿ ಇನ್ನೊಂದು ಕಡೆಯಿಂದ ಬಂತು. ಅಡ್ಡಕ್ಕೆ ಸಿಕ್ಕ ರೆಕ್ಕೆಯ ಕೆಳಗೆ ಗಾಳಿ ಕೈಹಾಕಿತು. ಆ ಕಡೆಯ ಹಗ್ಗ ನೆಲದ ಬಳೆಯ ಹತ್ತಿರ ಸದ್ದೇ ಇಲ್ಲದೆ ಹರಿಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎನ್ನುತ್ತಾರಲ್ಲ, ಹಾಗೆ. ರೆಕ್ಕೆ ಮೇಲೆದ್ದಿತು. ಆ ಬದಿಯ ಚಕ್ರ ನೆಲ ಬಿಟ್ಟಿತು. ಮಾವ ಒಳಗೇ ಕೂತಿದ್ದ, ಮರಳೂ ಅವನ ಮೈಮೇಲೇ ಇತ್ತು, ಚಕ್ರ ಮಾತ್ರ ಗಾಳಿಯಲ್ಲಿತ್ತು. ಇದನ್ನು ನಾನು ಈ ಎರಡು ಕಣ್ಣಿನಿಂದ ಕಂಡೆ. ಅತ್ತೆಯೂ ಕಂಡಳು.

“ಇಳೀರೀ! ಇಳೀರೀ ಕೆಳಗೆ!” ಎಂದು ಕಿರುಚಿಕೊಂಡು ಅವಳು ಓಡಿದಳು. ಡಬ್ಬಿ ಎಲ್ಲಿ ಬಿತ್ತೋ. ಬೇಡ ಅತ್ತೇ, ಹೋಗಬೇಡ ಎಂದು ನಾನು ಬಾಗಿಲಲ್ಲಿ ನಿಂತು ಕೂಗಿದ್ದು ನನಗೇ ಕೇಳಿಸಲಿಲ್ಲ. ಮಾವ ಇಳಿಯಲಿಲ್ಲ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಹಿಡಿಕೆಯನ್ನು ಅವುಚಿಕೊಂಡು ಇನ್ನಷ್ಟು ಭಾರವಾಗಿ ಕೂರಲು ನೋಡುತ್ತಿದ್ದ. ಎದ್ದ ರೆಕ್ಕೆಯಿಂದ ಹರಿದ ಹಗ್ಗ ಚಾವಟಿಯ ಹಾಗೆ ಬೀಸುತ್ತಿತ್ತು. ಅತ್ತೆ ಅದನ್ನು ಹಿಡಿದಳು. ಹಿಡಿದದ್ದು ಸಾಲದೆಂದು ಕೈಗೆ ಎರಡು ಸುತ್ತು ಸುತ್ತಿಕೊಂಡಳು. ಗಂಡನನ್ನು ಹೊತ್ತ ಆ ವಿಮಾನವನ್ನು ಈ ಕಡ್ಡಿ ಹೆಂಗಸು ಎಳೆದು ನಿಲ್ಲಿಸುವವಳು! ಮುಂದಿನ ಬೀಸಿಗೆ ರೆಕ್ಕೆ ಇನ್ನೂ ಮೇಲೆದ್ದಿತು, ಅತ್ತೆಯ ಕಾಲು ನೆಲ ಬಿಟ್ಟಿತು.

ಮಾವ ಕಣ್ಣು ತೆಗೆದದ್ದು ಯಾಕೋ, ದೇವರಿಗೇ ಗೊತ್ತು. ತೆಗೆದಾಗ ಕಿಟಕಿಯಾಚೆ, ತನ್ನ ಮುಖದ ಎತ್ತರಕ್ಕೆ, ಹೆಂಡತಿ ತೇಲುತ್ತಿದ್ದಳು.

ಇಪ್ಪತ್ತು ವರ್ಷದಲ್ಲಿ ಗಾಳಿ ನಿಲ್ಲುವ ಮೊದಲು ಮಾವ ಎದ್ದದ್ದು ಅದೊಂದೇ ಸಲ. ಖಾಕಿಯನ್ನು ತಲೆಯ ಮೇಲಿಂದ ಕಿತ್ತೆಸೆದು, ನಾಲ್ಕು ಬಕಲುಗಳಲ್ಲಿ ಎರಡನ್ನು ಬಿಚ್ಚಿದ, ಎರಡನ್ನು ಕಿತ್ತ. ಕೋಟು ಸೀಟಿನ ಮೇಲೆ ಉಳಿಯಿತು, ಮಾವ ಬಾಗಿಲಿನಿಂದ ಮೂಟೆಯ ಹಾಗೆ ಉರುಳಿದ. ಎದ್ದವನೇ ಅತ್ತೆಯ ಸೊಂಟಕ್ಕೆ ಕೈಹಾಕಿ ಜಗ್ಗಿದ. ಹಗ್ಗ ಅವಳ ಅಂಗೈಯ ಚರ್ಮ ಸುಲಿದುಕೊಂಡು ಬಿಟ್ಟಿತು. ಇಬ್ಬರೂ ದೊಪ್ಪೆಂದು ಹುಲ್ಲಿನ ಮೇಲೆ ಬಿದ್ದರು. ಅತ್ತೆ ಕೆಳಗೆ, ಮಾವ ಮೇಲೆ. ಅವನು ಏಳಲಿಲ್ಲ. ಕೈಕಾಲು ಚಾಚಿ ಅವಳ ಮೇಲೆ ಪೂರ್ತಿ ಹರಡಿಕೊಂಡ, ಸೀಟಿನಲ್ಲಿ ಹರಡಿಕೊಳ್ಳುವ ಹಾಗೇ, ಎರಡೂ ಕಡೆ ಸಮವಾಗಿ.

ಉಳಿದ ಎರಡು ಹಗ್ಗಗಳೂ ಹೋದವು. ವಿಮಾನ ಯಾರ ಹಂಗೂ ಇಲ್ಲದೆ ಎದ್ದಿತು. ಪೈಲಟ್ ಇಲ್ಲದೆ, ಎಂಜಿನ್ ಓಡದೆ, ಸೀಟಿನಲ್ಲಿ ಒಂದು ಕೋಟನ್ನು ಕೂರಿಸಿಕೊಂಡು ಅವರಿಬ್ಬರ ತಲೆಯ ಮೇಲೆ ಹಾದು, ಮಗುಚಿ, ಬೆನ್ನು ಕೆಳಗಾಗಿ ಸೆಕ್ರೆಟರಿ ಸಾಹೇಬರ ಕಾರಿನ ಮೇಲೆ ಬಿತ್ತು. ಕಾರು ತಟ್ಟೆಯಾಯಿತು.

ಗಾಳಿ ನಿಂತ ಮೇಲೆ ಹುಲ್ಲಿನ ಕಡೆಯಿಂದ ಮೊದಲು ಕೇಳಿಸಿದ್ದು ಅತ್ತೆಯ ದನಿ. “ಏಳ್ರೀ ಮೇಲೆ, ಉಸಿರು ಕಟ್ಟುತ್ತೆ!” ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅತ್ತುಬಿಟ್ಟೆ. ಅಷ್ಟು ಸಂತೋಷವಾಗಿ ನಾನು ಯಾವತ್ತೂ ಅತ್ತಿಲ್ಲ.

ವಾರದ ಮೇಲೆ ವಿಮೆ ಕಂಪನಿಯಿಂದ ಒಬ್ಬರು ವಿಚಾರಣೆಗೆ ಬಂದರು. ಸಣ್ಣ ದನಿಯ, ಸಭ್ಯ ಮನುಷ್ಯ. ಸೆಕ್ರೆಟರಿ ಸಾಹೇಬರು ಅಷ್ಟರಲ್ಲಿ ತಪ್ಪು ಯಾರದೆಂದು ಹುಡುಕಿಟ್ಟಿದ್ದರು. ಆಫೀಸಿನಲ್ಲಿ ಮಾವನನ್ನು ಮುಂದೆ ನಿಲ್ಲಿಸಿದರು. ಪಕ್ಕದಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡ ಅತ್ತೆ. ಅವಳನ್ನು ಯಾರೂ ಕರೆದಿರಲಿಲ್ಲ, ಹೋಗೆನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

“ವಿಮಾನ ಹಿಡಿದು ಕೂರೋದು ಇವನ ಕೆಲಸ ಸಾರ್. ನಡುವೆ ಬಿಟ್ಟು ಇಳಿದುಹೋದ. ಇಳಿದ, ಅದಕ್ಕೇ ಹಾರಿತು” ಎಂದರು ಸೆಕ್ರೆಟರಿ.

ಚಕ್ರ ಎದ್ದಾಗ ಮಾವ ಒಳಗೇ ಇದ್ದ ಎಂದು ಹೇಳಲು ಬಾಯಿ ತೆಗೆದೆ. ಅತ್ತೆ ನನ್ನ ಕಾಲು ತುಳಿದಳು. ಯಾಕೆ ತುಳಿದಳೆಂದು ಮಾವನ ಮುಖ ನೋಡಿದಾಗ ತಿಳಿಯಿತು. ಅವನು ಎದೆ ಉಬ್ಬಿಸಿ ನಿಂತಿದ್ದ. ಆ ಆಪಾದನೆ ಅವನಿಗೆ ಸನ್ಮಾನದ ಶಾಲಿನ ಹಾಗಿತ್ತು.

“ಹೌದು ಸಾರ್. ನಾನು ಇಳಿದಿದ್ದಕ್ಕೇ ಹಾರಿತು. ಇಪ್ಪತ್ತು ವರ್ಷ ನಾನೇ ಹಿಡ್ಕೊಂಡಿದ್ದು. ಅವತ್ತು ಇವಳನ್ನ ಹಿಡ್ಕೋಬೇಕಾಯ್ತು. ಎರಡೂ ಹಿಡಿಯೋಕೆ ನನ್ನ ಕೈಲಾಗ್ಲಿಲ್ಲ. ತಪ್ಪು ನಂದೇ.”

ವಿಮೆಯವರು ತಾವು ತಂದಿದ್ದ ಹಗ್ಗದ ತುಂಡನ್ನು ಮೇಜಿನ ಮೇಲಿಟ್ಟು ಎರಡು ಬೆರಳಲ್ಲಿ ಉಜ್ಜಿದರು. ಅದು ಹೊಟ್ಟಿನ ಹಾಗೆ ಉದುರಿತು.

“ತಪ್ಪು ಇದರದು” ಎಂದರು. “ನೀವು ನೊಂದ್ಕೋಬೇಡಿ. ಒಳಗೆ ಮರಳು ತುಂಬಿದ ಕೋಟು ಸಿಕ್ತು, ಅಷ್ಟು ಭಾರ ಇದ್ರೂ ಹಾರಿದೆ. ಇಂಥಾ ಗಾಳಿಗೆ ಮನುಷ್ಯನ ತೂಕ ಲೆಕ್ಕಕ್ಕೇ ಬರೋದಿಲ್ಲ. ಸಣ್ಣ ಗಾಳಿಗೆ ನೀವು ಬೇಕಾಗೇ ಇರ್ಲಿಲ್ಲ, ದೊಡ್ಡ ಗಾಳಿಗೆ ನೀವು ಸಾಲೋದಿಲ್ಲ. ನೀವು ಕೂತಿದ್ರೂ ಅಷ್ಟೇ, ಇಳಿದ್ರೂ ಅಷ್ಟೇ.”

ಪಾಪ, ಅವರು ಸಮಾಧಾನಕ್ಕೆಂದೇ ಹೇಳಿದ್ದು. ಸೆಕ್ರೆಟರಿ ಸಾಹೇಬರು ಛಾವಣಿಯಲ್ಲಿ ಏನನ್ನೋ ಹುಡುಕತೊಡಗಿದರು. ಮೆಕ್ಯಾನಿಕ್ ನಾಲಿಗೆ ಕಚ್ಚಿಕೊಂಡ. ಕೆಲಸ ಉಳಿಯಿತು ಎಂದು ನಾನು ಮಾವನ ಕಡೆ ನೋಡಿದರೆ, ಅವನು ನಿಂತಲ್ಲೇ ಕುಗ್ಗಿದ್ದ. ಡಾಕ್ಟರು ಮೂರು ತಿಂಗಳಲ್ಲಿ ಇಳಿಸಲಾಗದ್ದು ಒಂದು ಮಾತಿಗೆ ಇಳಿದುಹೋಗಿತ್ತು. ಖಾಕಿ ಅಂಗಿ ಮೊಳೆಗೆ ನೇತುಹಾಕಿದ ಹಾಗೆ ಅವನ ಮೈಮೇಲೆ ಜೋಲುತ್ತಿತ್ತು.

ಆ ದಿನ ಮನೆಗೆ ಬಂದವನು ತಟ್ಟೆಯ ಮುಂದೆ ಕೂತ, ಮುಟ್ಟಲಿಲ್ಲ. ಬೇಯಿಸಿದ ಸೋರೆಕಾಯಿಯನ್ನು ಯಾರು ತಾನೇ ಮುಟ್ಟುತ್ತಾರೆ ಎನ್ನಿ, ಆದರೆ ಇದು ಅದಲ್ಲ. ಅತ್ತೆ ಎದುರಿಗೆ ಕೂತಳು. ನಾನು ಬಾಗಿಲ ಹತ್ತಿರ ನೀರಿನ ಲೋಟ ಹಿಡಿದು, ಹೋಗಲೋ ನಿಲ್ಲಲೋ ತಿಳಿಯದೆ ನಿಂತಿದ್ದೆ.

“ಕೇಳ್ದೆಯಲ್ಲ” ಎಂದ ಮಾವ. “ಇಪ್ಪತ್ತು ವರ್ಷ ಸುಮ್ಮನೆ ಕೂತಿದ್ನಂತೆ.”

ಇಲ್ಲ ಎನ್ನುತ್ತಾಳೆ, ಅವನಿಗೇನು ಗೊತ್ತು ಎನ್ನುತ್ತಾಳೆ ಎಂದು ನಾನು ಕಾದೆ. ಅತ್ತೆಗೆ ಸುಳ್ಳು ಹೇಳಲು ಬರುವುದಿಲ್ಲ.

“ವಿಮಾನದ ವಿಷಯ ಅವರಿಗೆ ಗೊತ್ತಿರುತ್ತೆ, ಇರ್ಲಿ ಬಿಡಿ” ಎಂದಳು. ಬಟ್ಟೆ ಸುತ್ತಿದ ಕೈಯನ್ನು ಮೇಜಿನ ಮೇಲಿಟ್ಟಳು. “ನನ್ನ ವಿಷಯ ನನ್ನನ್ನ ಕೇಳಿ. ನನ್ನ ಕಾಲು ನೆಲದ ಮೇಲೆ ಇರ್ಲಿಲ್ಲ.”

ಮಾವ ತಲೆ ಎತ್ತಿದ.

“ನೀವು ಎಳೆದು ಹಾಕಿ ಮೇಲೆ ಬಿದ್ರಲ್ಲ, ಆವಾಗ್ಲೂ ಗಾಳಿ ನನ್ನನ್ನ ಜಗ್ಗುತ್ತಾನೇ ಇತ್ತು. ಹುಲ್ಲು ಕಿತ್ತು ಹೋಗ್ತಿತ್ತು ಕೈಯಿಂದ. ನಾನು ಹೋಗ್ಲಿಲ್ಲ.”

“ಅಷ್ಟು ಜಗ್ಗುತ್ತಿತ್ತಾ?”

“ಜಗ್ಗುತ್ತಿತ್ತು.”

“ನಾನಿದ್ದಿದ್ದಕ್ಕೆ ನಿಂತೆಯಾ?”

“ಇನ್ಯಾರಿದ್ರು ಅಲ್ಲಿ?”

ಮಾವ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ತಲೆ ಬಗ್ಗಿಸಿ, ಸೋರೆಕಾಯಿಯನ್ನೆಲ್ಲ ಬಳಿದು ತಿಂದ. ತಿಂದು ತಟ್ಟೆಯನ್ನು ಮುಂದೆ ಚಾಚಿದ.

“ಇನ್ನೊಂದು ಸೌಟು ಹಾಕೇ. ನಾಳೆ ಗಾಳಿ ಬಂದ್ರೆ ನಿನ್ನನ್ನ ಹಿಡಿಯೋರು ಬೇಡ್ವಾ?”

“ಇಲ್ಲ, ಅಳತೆ ಮುಗೀತು” ಎಂದಳು ಅತ್ತೆ. ಹೇಳುವಾಗ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಆದರೆ ಸೌಟು ಮುಟ್ಟಲಿಲ್ಲ.